ರಷ್ಯನ್ ಪಠ್ಯವಾಚಕಗಳಲ್ಲಿ ಪುರುಷಧ್ವನಿ: ಲಿಪಿ, ಒತ್ತು ಮತ್ತು ಲಿಂಗದ ಪ್ರಶ್ನೆ

1. ಪ್ರಸ್ತಾವನೆ

ಬರೆದುದನ್ನು ಓದಿ ಹೇಳುವ ಕೆಲಸವನ್ನು ಇಂದು ಗಣಕವೂ ಮಾಡುತ್ತದೆ. ಅಂತರಜಾಲದಲ್ಲಿ ದೊರೆಯುವ ಇಂತಹ ಉಪಕರಣಗಳಲ್ಲಿ ಪಠ್ಯವನ್ನು ಒಂದು ಚೌಕದೊಳಗೆ ಅಂಟಿಸಿ, ಭಾಷೆಯನ್ನೂ ಧ್ವನಿಯನ್ನೂ ಆರಿಸಿ, ಗುಂಡಿ ಒತ್ತಿದರೆ ಕೆಲವೇ ಕ್ಷಣಗಳಲ್ಲಿ ಆ ಪಠ್ಯ ಕೇಳಿಸುತ್ತದೆ. ಬೇಕಾದರೆ ಅದನ್ನು ಧ್ವನಿಕಡತವಾಗಿ ಉಳಿಸಿಕೊಳ್ಳಲೂಬಹುದು. ಪ್ರಸ್ತುತ ಲೇಖನದಲ್ಲಿ ಇವುಗಳನ್ನು ‘ಪಠ್ಯವಾಚಕ’ಗಳೆಂದು ಕರೆಯಲಾಗಿದೆ. ಇವು ಕೇವಲ ತಂತ್ರಜ್ಞರ ವಿಷಯವೆಂಬ ಅಭಿಪ್ರಾಯ ಸಾಹಿತ್ಯ ವಿಭಾಗಗಳಲ್ಲಿ ಸಾಮಾನ್ಯವಾಗಿದೆ. ಆದರೆ ಒಂದು ಭಾಷೆಯ ಬರಹಕ್ಕೂ ಉಚ್ಚಾರಕ್ಕೂ ಇರುವ ಅಂತರವನ್ನು ಅಳೆಯದೆ ಯಾವ ಪಠ್ಯವಾಚಕವೂ ಒಂದು ವಾಕ್ಯವನ್ನೂ ಸರಿಯಾಗಿ ಓದಲಾರದು. ಆ ಅಂತರವನ್ನು ಅಳೆಯುವುದು ವೈಯಾಕರಣರ ಮತ್ತು ನಿಘಂಟುಕಾರರ ಕೆಲಸವಾಗಿದೆ.

ಈ ಮಾತನ್ನು ವಿಶದಪಡಿಸಲು ರಷ್ಯನ್ ಭಾಷೆ ಉತ್ತಮ ನಿದರ್ಶನವಾಗಿದೆ. ಅದರಲ್ಲಿಯೂ ಪುರುಷಧ್ವನಿಯ ಆಯ್ಕೆಯು ರಷ್ಯನ್ನಿನಲ್ಲಿ ಕೇವಲ ಅಭಿರುಚಿಯ ಸಂಗತಿಯಾಗಿರದೆ ವ್ಯಾಕರಣದ ಸಂಗತಿಯೂ ಆಗಿದೆ. ರಷ್ಯನ್ ಪಠ್ಯವಾಚಕಗಳ ಹಿನ್ನೆಲೆ, ಅವುಗಳ ಪುರುಷಧ್ವನಿಗಳು, ಅವು ಎದುರಿಸುವ ಭಾಷಿಕ ತೊಡಕುಗಳು ಹಾಗೂ ಇವುಗಳಿಂದ ಕನ್ನಡದ ಅಧ್ಯಯನಕ್ಕೆ ದೊರೆಯಬಹುದಾದ ಸೂಚನೆಗಳನ್ನು ಇಲ್ಲಿ ಅವಲೋಕಿಸಲಾಗಿದೆ.

2. ಹಿನ್ನೆಲೆ

ಯಂತ್ರದಿಂದ ಮಾತನಾಡಿಸುವ ಪ್ರಯತ್ನಗಳ ಚರಿತ್ರೆಯಲ್ಲಿ ರಷ್ಯಕ್ಕೆ ಬಹು ಹಿಂದಿನಿಂದಲೂ ಸ್ಥಾನವಿದೆ. ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯು ಐದು ಸ್ವರಗಳ ಸ್ವರೂಪವೇನು, ಅವುಗಳನ್ನು ಉಪಕರಣದಿಂದ ಹೊರಡಿಸುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಸ್ಪರ್ಧೆಗೆ ಇಟ್ಟಿತ್ತು. ಕೋಪನ್‌ಹೇಗನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ಕ್ರಾಟ್ಸೆನ್‌ಸ್ಟೈನ್ ಬೇರೆ ಬೇರೆ ಆಕಾರದ ಕೊಳವೆಗಳನ್ನು ರಚಿಸಿ, ಅವುಗಳಿಗೆ ಗಾಳಿಯೂದಿ ಸ್ವರಗಳನ್ನು ಹೊರಡಿಸಿ, 1780ರಲ್ಲಿ ಆ ಬಹುಮಾನವನ್ನು ಪಡೆದನು. ಅನುಕೂಲವಾದ ವಾಯುವಿನಿಂದ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದವು ಹುಟ್ಟುತ್ತದೆಂದು ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜನು ಹೇಳಿರುವುದನ್ನು ಬಲ್ಲ ಕನ್ನಡ ಓದುಗರಿಗೆ ಈ ಕೊಳವೆಗಳ ಪ್ರಯೋಗ ತೀರ ಅಪರಿಚಿತವೆನಿಸದು. ಉಸಿರು ಒಂದೇ ಆಗಿದ್ದು, ಅದು ಹಾದುಹೋಗುವ ಕೊಳವೆಯ ಆಕಾರ ಬದಲಾದಾಗ ವರ್ಣ ಬದಲಾಗುತ್ತದೆ ಎಂಬುದೇ ಆ ಪ್ರಯೋಗದ ತಿರುಳು.

ಇಪ್ಪತ್ತನೆಯ ಶತಮಾನದಲ್ಲಿ ಈ ಅಧ್ಯಯನ ಬೇರೊಂದು ದಾರಿಯನ್ನು ಹಿಡಿಯಿತು. 1939ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ‘ವೋಡರ್’ ಎಂಬ ಮಾತಿನ ಯಂತ್ರವನ್ನು ಪ್ರದರ್ಶಿಸಿತು. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದಲ್ಲಿ ರಹಸ್ಯ ದೂರವಾಣಿಗಾಗಿ ಮಾತನ್ನು ಬಿಡಿಸಿ ಮತ್ತೆ ಜೋಡಿಸುವ ಸಂಶೋಧನೆ ನಡೆಯಿತು. ಮಾಸ್ಕೋದ ಮಾರ್ಫಿನೋ ಎಂಬಲ್ಲಿದ್ದ, ಕೈದಿ ವಿಜ್ಞಾನಿಗಳು ದುಡಿಯುತ್ತಿದ್ದ ಪ್ರಯೋಗಾಲಯದಲ್ಲಿ 1947ರಿಂದ 1950ರವರೆಗೆ ಸೊಲ್ಜೆನಿತ್ಸಿನ್ ಇದ್ದನು. ಭಾಷಾವಿದ್ವಾಂಸನಾದ ಲೆವ್ ಕೊಪೆಲೆವ್ ಅಲ್ಲಿಯೇ ಧ್ವನಿಗಳ ವಿಶ್ಲೇಷಣೆಯಲ್ಲಿ ತೊಡಗಿದ್ದನು. ಸೊಲ್ಜೆನಿತ್ಸಿನ್‌ನ ‘ಮೊದಲ ವೃತ್ತ’ ಕಾದಂಬರಿಯಲ್ಲಿ ದೂರವಾಣಿಯಲ್ಲಿ ಕೇಳಿಬಂದ ಗಂಡು ಧ್ವನಿಯೊಂದು ಯಾರದೆಂದು ಪತ್ತೆಹಚ್ಚುವ ಕಾರ್ಯವೇ ಕಥೆಯ ಎಳೆಯಾಗಿದೆ. ಧ್ವನಿಯು ಮನುಷ್ಯನ ಗುರುತು, ಆ ಗುರುತು ಅವನಿಗೇ ಮುಳುವಾಗಬಲ್ಲದು ಎಂಬ ಅರಿವು ಈ ಶಾಸ್ತ್ರದ ಪ್ರಾರಂಭದ ದಿನಗಳಲ್ಲಿಯೇ ಸಾಹಿತ್ಯವನ್ನು ಪ್ರವೇಶಿಸಿರುವುದು ಗಮನಾರ್ಹ.

ಮುಂದೆ ಮಿನ್‌ಸ್ಕ್ ನಗರದಲ್ಲಿ ಬೋರಿಸ್ ಲೊಬಾನೊವ್ ನಡೆಸಿದ ಸಂಶೋಧನೆಯು ರಷ್ಯನ್ ಪಠ್ಯವಾಚಕಗಳಿಗೆ ತಳಹದಿಯಾಯಿತು. ಬೇರೆ ಬೇರೆ ವ್ಯಕ್ತಿಗಳು ಉಚ್ಚರಿಸಿದ ರಷ್ಯನ್ ಸ್ವರಗಳನ್ನು ಒಂದೇ ಅಳತೆಗೆ ತಂದು ಹೋಲಿಸುವ ವಿಧಾನವನ್ನು ಆತ 1971ರಲ್ಲಿ ಪ್ರಕಟಿಸಿದನು. ಆತನ ಹೆಸರಿನಿಂದಲೇ ಕರೆಯಲಾಗುವ ಆ ವಿಧಾನವನ್ನು ಧ್ವನಿವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ.

3. ಪುರುಷಧ್ವನಿಯ ಸ್ವರೂಪ ಮತ್ತು ಉಪಕರಣಗಳು

ಗಂಡಿನ ಧ್ವನಿ ಹೆಣ್ಣಿನ ಧ್ವನಿಗಿಂತ ತಗ್ಗಿನದು ಎಂಬುದು ಸಾಮಾನ್ಯ ತಿಳಿವಳಿಕೆ. ವಯಸ್ಕ ಗಂಡಸಿನ ಧ್ವನಿತಂತುಗಳು ಮಾತಿನ ವೇಳೆ ಸೆಕೆಂಡಿಗೆ ಸುಮಾರು 85ರಿಂದ 180 ಬಾರಿಯೂ ಹೆಂಗಸಿನ ಧ್ವನಿತಂತುಗಳು ಸುಮಾರು 165ರಿಂದ 255 ಬಾರಿಯೂ ಕಂಪಿಸುತ್ತವೆ. ಆದರೆ ವ್ಯತ್ಯಾಸ ಇಷ್ಟಕ್ಕೇ ಮುಗಿಯುವುದಿಲ್ಲ. ಗಂಟಲಿನಿಂದ ತುಟಿಯವರೆಗಿನ ದಾರಿಯು ಗಂಡಸರಲ್ಲಿ ಹೆಚ್ಚು ಉದ್ದವಾಗಿದ್ದು, ಸರಾಸರಿ 17 ಸೆಂಟಿಮೀಟರಿನಷ್ಟಿರುತ್ತದೆ. ಇದರಿಂದ ಪ್ರತಿಯೊಂದು ಸ್ವರದ ಅನುರಣನವೂ ಬೇರೆಯಾಗುತ್ತದೆ. ಸ್ತ್ರೀಧ್ವನಿಯ ಮುದ್ರಣವನ್ನು ಬರಿದೆ ತಗ್ಗಿಸಿದರೆ ಅದು ಪುರುಷಧ್ವನಿಯಾಗದೆ ಕೃತಕವೆನಿಸುವುದಕ್ಕೆ ಇದೇ ಕಾರಣ. ಆದ್ದರಿಂದ ಒಳ್ಳೆಯ ಪುರುಷಧ್ವನಿ ಬೇಕಾದಲ್ಲಿ ಗಂಡಸರ ಓದನ್ನೇ ಮುದ್ರಿಸಿಕೊಂಡು ಅದರಿಂದ ಧ್ವನಿಯನ್ನು ರೂಪಿಸಬೇಕಾಗುತ್ತದೆ.

ಹೀಗೆ ರೂಪಿಸುವ ವಿಧಾನಗಳು ಮೂರು ಘಟ್ಟಗಳನ್ನು ದಾಟಿ ಬಂದಿವೆ. ಮೊದಲನೆಯದರಲ್ಲಿ ಸ್ವರಗಳ ಅನುರಣನವನ್ನು ಲೆಕ್ಕಾಚಾರದಿಂದಲೇ ಸೃಷ್ಟಿಸಲಾಗುತ್ತಿತ್ತು. ‘ಇ-ಸ್ಪೀಕ್’ ತಂತ್ರಾಂಶ ಈ ಬಗೆಯದು. ಎರಡನೆಯದರಲ್ಲಿ ಮನುಷ್ಯನ ಮುದ್ರಿತ ಧ್ವನಿಯ ತುಣುಕುಗಳನ್ನು ಜೋಡಿಸಲಾಯಿತು, ಇಲ್ಲವೆ ಅವುಗಳಿಂದ ಸಂಖ್ಯಾಶಾಸ್ತ್ರೀಯ ಮಾದರಿಗಳನ್ನು ಕಟ್ಟಲಾಯಿತು. 2016ರಲ್ಲಿ ‘ವೇವ್‌ನೆಟ್’ ಪ್ರಕಟವಾದ ನಂತರ ಮೂರನೆಯ ಘಟ್ಟವಾದ ನರಜಾಲ ಮಾದರಿಗಳ ವಿಧಾನ ಪ್ರಬಲವಾಯಿತು. ಅನೇಕ ಗಂಟೆಗಳ ಓದನ್ನು ಪಠ್ಯದೊಡನೆ ಹೊಂದಿಸಿ ಕಲಿಸಿದಾಗ ಉಸಿರಿನ ನಿಲುಗಡೆಯೂ ಮಾತಿನ ಏರಿಳಿತವೂ ಸಹಜಕ್ಕೆ ಬಹು ಸಮೀಪವಾದವು.

ರಷ್ಯನ್ನಿಗೆ ಇಂದು ಹಲವು ಪುರುಷಧ್ವನಿಗಳಿವೆ. ಯಾಂಡೆಕ್ಸ್ ಸಂಸ್ಥೆಯ ಸೇವೆಯಲ್ಲಿ ಜ಼ಹಾರ್, ಯೆರ್ಮೀಲ್, ಫಿಲಿಪ್ ಎಂಬ ಹೆಸರಿನವು ಬಂದಿವೆ. ಮೈಕ್ರೊಸಾಫ್ಟಿನ ಡ್ಮಿಟ್ರಿ, ಅಮೆಜಾನಿನ ಮ್ಯಾಕ್ಸಿಮ್, ಮುಕ್ತ ತಂತ್ರಾಂಶವಾದ ‘ಆರ್‌ಎಚ್‌ವಾಯ್ಸ್’ನ ಅಲೆಕ್ಸಾಂಡರ್, ‘ಸಿಲೆರೊ’ ಮಾದರಿಗಳ ಐದಾರ್ ಮತ್ತು ಯೂಜೀನ್ ಇತರ ಕೆಲವು. ಧ್ವನಿಗಳಿಗೆ ವ್ಯಕ್ತಿಗಳ ಹೆಸರನ್ನಿಡುವ ಈ ಪದ್ಧತಿಯಿಂದಾಗಿ, ಕೇಳುವವನು ಯಂತ್ರವನ್ನು ಒಬ್ಬ ವ್ಯಕ್ತಿಯೆಂದೇ ಭಾವಿಸುವಂತಾಗುತ್ತದೆ. ಇದರ ಪರಿಣಾಮವನ್ನು ಲಿಂಗದ ಪ್ರಶ್ನೆಯನ್ನು ಚರ್ಚಿಸುವಾಗ ಗಮನಿಸಬಹುದು.

4. ಲಿಪಿಯಲ್ಲಿ ಕಾಣದ ಒತ್ತು

ರಷ್ಯನ್ ಪಠ್ಯವಾಚಕಗಳ ಮೊದಲ ತೊಡಕು ಒತ್ತಿನದು. ಇಲ್ಲಿ ಒತ್ತು ಎಂದರೆ ಕನ್ನಡದ ಒತ್ತಕ್ಷರವಲ್ಲ. ಪದದ ಒಂದು ಸ್ವರವನ್ನು ಉಳಿದವುಗಳಿಗಿಂತ ಬಲವಾಗಿಯೂ ದೀರ್ಘವಾಗಿಯೂ ಉಚ್ಚರಿಸುವುದು. ರಷ್ಯನ್ನಿನಲ್ಲಿ ಇದು ಯಾವ ಸ್ವರದ ಮೇಲೆ ಬೀಳುತ್ತದೆಂಬುದಕ್ಕೆ ಸರಳ ನಿಯಮವಿಲ್ಲ. ಒಂದೇ ಪದದ ವಿಭಕ್ತಿ ಬದಲಾದಾಗಲೂ ಒತ್ತು ಸ್ಥಾನಾಂತರಗೊಳ್ಳಬಹುದು. ‘ಕೈ’ ಎಂಬ ಅರ್ಥದ ‘ರುಕಾ’ ಪದವು ದ್ವಿತೀಯಾ ವಿಭಕ್ತಿಯಲ್ಲಿ ‘ರೂಕು’ ಆಗುತ್ತದೆ. 33 ಅಕ್ಷರಗಳ ಸಿರಿಲಿಕ್ ಲಿಪಿಯಲ್ಲಿ ಬರೆದ ಸಾಮಾನ್ಯ ಪಠ್ಯದಲ್ಲಿ ಈ ಒತ್ತನ್ನು ಗುರುತಿಸುವ ರೂಢಿ ಇಲ್ಲ. ಮಕ್ಕಳ ಪಠ್ಯಪುಸ್ತಕ ಹಾಗೂ ನಿಘಂಟುಗಳಲ್ಲಿ ಮಾತ್ರ ಕಾಣಬಹುದು.

ಒತ್ತು ತಪ್ಪಿದರೆ ಅರ್ಥವೇ ತಪ್ಪುತ್ತದೆ. ಒಂದೇ ರೀತಿ ಬರೆಯಲಾಗುವ ಪದವನ್ನು ‘ಜ಼ಾಮಕ್’ ಎಂದರೆ ಕೋಟೆ, ‘ಜ಼ಮೋಕ್’ ಎಂದರೆ ಬೀಗ. ‘ಮೂಕ’ ಎಂದರೆ ಯಾತನೆ, ‘ಮುಕಾ’ ಎಂದರೆ ಹಿಟ್ಟು. ‘ಪ್ಲಾಚು’ ಎಂದರೆ ಅಳುತ್ತೇನೆ, ‘ಪ್ಲಚೂ’ ಎಂದರೆ ಹಣ ಕೊಡುತ್ತೇನೆ. ಬಾಗಿಲಿನ ಪ್ರಸ್ತಾಪವಿದ್ದರೆ ಬೀಗ, ಬೆಟ್ಟದ ಪ್ರಸ್ತಾಪವಿದ್ದರೆ ಕೋಟೆ ಎಂದು ಸುತ್ತಲ ಪದಗಳಿಂದ ಊಹಿಸಬೇಕು. ‘ಅವನು ಕೊಂಡುಕೊಂಡನು’ ಎಂಬಷ್ಟೇ ಇದ್ದರೆ ಮನುಷ್ಯನೂ ಮುಂದಿನ ವಾಕ್ಯಕ್ಕಾಗಿ ಕಾಯಬೇಕಾಗುತ್ತದೆ.

ಒತ್ತಿನ ಪರಿಣಾಮ ಉಳಿದ ಸ್ವರಗಳ ಮೇಲೂ ಆಗುತ್ತದೆ. ಒತ್ತಿಲ್ಲದ ಒಕಾರವು ಶಿಷ್ಟ ರಷ್ಯನ್ನಿನಲ್ಲಿ ಅಕಾರದಂತೆ ಕೇಳಿಸುತ್ತದೆ. ‘ಹಾಲು’ ಎಂಬ ಅರ್ಥದ ಪದವನ್ನು ಅಕ್ಷರಶಃ ‘ಮೊಲೊಕೊ’ ಎಂದು ಬರೆದರೂ ಉಚ್ಚಾರ ‘ಮಲಕೋ’. ‘ನಗರ’ ಎಂಬ ಅರ್ಥದಲ್ಲಿ ‘ಗೊರೊದ್’ ಎಂದು ಬರೆದುದು ‘ಗೋರತ್’ ಆಗುತ್ತದೆ. ‘ಅವನ’ ಎಂಬ ಅರ್ಥದಲ್ಲಿ ‘ಯೆಗೊ’ ಎಂದು ಬರೆದುದು ‘ಯಿವೋ’ ಆಗುತ್ತದೆ. ಇದರೊಡನೆ 1783ರಲ್ಲಿ ಪೀಟರ್ಸ್‌ಬರ್ಗಿನ ವಿದ್ವತ್ಸಭೆಯಲ್ಲಿ ಪ್ರಸ್ತಾಪವಾದ ‘ಯೋ’ ಅಕ್ಷರದ ಸಮಸ್ಯೆಯೂ ಇದೆ. ಎರಡು ಚುಕ್ಕಿಗಳ ಈ ಅಕ್ಷರವನ್ನು ಅಚ್ಚಿನಲ್ಲಿ ಸಾಮಾನ್ಯವಾಗಿ ಚುಕ್ಕಿಯಿಲ್ಲದೆ ‘ಯೆ’ ಎಂದೇ ಬರೆಯಲಾಗುತ್ತದೆ. ಹೀಗಾಗಿ ‘ಎಲ್ಲರೂ’ ಎಂಬ ಪದವೂ ‘ಎಲ್ಲವೂ’ ಎಂಬ ಪದವೂ ಅಚ್ಚಿನಲ್ಲಿ ಒಂದೇ ಆಗಿಬಿಡುತ್ತವೆ.

ಈ ತೊಡಕಿನ ಪರಿಹಾರಕ್ಕೆ ನೆರವಾದುದು ಒಂದು ನಿಘಂಟು. ಆಂದ್ರೇಯ್ ಜ಼ಲಿಜ಼್ನ್ಯಾಕ್ 1977ರಲ್ಲಿ ಪ್ರಕಟಿಸಿದ ‘ರಷ್ಯನ್ ಭಾಷೆಯ ವ್ಯಾಕರಣ ನಿಘಂಟು’ ಸುಮಾರು 1,00,000 ಪದಗಳ ರೂಪಗಳನ್ನೂ ಒತ್ತಿನ ಬಗೆಗಳನ್ನೂ ಸಂಕೇತಗಳ ಮೂಲಕ ನಿರೂಪಿಸುತ್ತದೆ. ಪದಗಳನ್ನು ಕೊನೆಯ ಅಕ್ಷರದಿಂದ ಮೊದಲಾಗಿ ಅಕಾರಾದಿಯಲ್ಲಿ ಜೋಡಿಸಿರುವುದು ಅದರ ವೈಶಿಷ್ಟ್ಯ. ರಷ್ಯನ್ನಿನ ಗಣಕೀಯ ಪದರೂಪ ವಿಶ್ಲೇಷಣೆಯು ಬಹುಮಟ್ಟಿಗೆ ಈ ಕೃತಿಯನ್ನು ಆಧರಿಸಿ ಬೆಳೆಯಿತು. ಆದರೂ ವ್ಯಕ್ತಿನಾಮ, ಊರುಗಳ ಹೆಸರು, ಹೊಸ ಪದಗಳಲ್ಲಿ ತಪ್ಪುಗಳಾಗುತ್ತವೆ. ಆದುದರಿಂದಲೇ ಯಾಂಡೆಕ್ಸ್, ಸಿಲೆರೊ ಮೊದಲಾದವುಗಳಲ್ಲಿ ಒತ್ತು ಬೀಳಬೇಕಾದ ಸ್ವರದ ಹಿಂದೆ ಕೂಡುಚಿಹ್ನೆಯನ್ನು ಹಾಕಿ ಬಳಕೆದಾರನೇ ತಿದ್ದುವ ಅವಕಾಶವಿದೆ.

ಛಂದಸ್ಸಿನ ಅಧ್ಯಯನಕಾರರಿಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. ಕನ್ನಡದ ಪದ್ಯಕ್ಕೆ ಪ್ರಸ್ತಾರ ಹಾಕಲು ಬರೆದ ಅಕ್ಷರಗಳು ಬಹುಮಟ್ಟಿಗೆ ಸಾಕು. ಲಘು ಗುರುಗಳು ಕಣ್ಣಿಗೇ ಕಾಣುತ್ತವೆ. ಟ್ರೆಡಿಯಕೋವ್‌ಸ್ಕಿ 1735ರಲ್ಲಿಯೂ ಲೊಮೊನೊಸೊವ್ 1739ರಲ್ಲಿಯೂ ಪ್ರತಿಪಾದಿಸಿದ ರಷ್ಯನ್ ಛಂದಸ್ಸು ಒತ್ತನ್ನು ಅವಲಂಬಿಸಿದೆ. ಒತ್ತು ತಿಳಿಯದ ಯಂತ್ರಕ್ಕೆ ಪುಷ್ಕಿನ್‌ನ ಪದ್ಯ ಗದ್ಯವಾಗಿಯೇ ಉಳಿಯುತ್ತದೆ.

5. ಅಂಕಿ, ಸಂಕ್ಷೇಪ ಮತ್ತು ಪ್ರಶ್ನೆಯ ಧಾಟಿ

ಅಂಕಿಗಳನ್ನು ಓದುವುದು ಸುಲಭವೆಂದು ತೋರಬಹುದು. ಆದರೆ ರಷ್ಯನ್ನಿನಲ್ಲಿ ಸಂಖ್ಯಾವಾಚಕಗಳಿಗೂ ವಿಭಕ್ತಿಯಿದೆ. ಒಂದು, ಎರಡು ಎಂಬವಕ್ಕೆ ಲಿಂಗಭೇದವೂ ಇದೆ. ‘1945ನೆಯ ವರ್ಷದಲ್ಲಿ’ ಎಂಬುದನ್ನು ಬರೆಯುವಾಗ ಅಂಕಿಗೆ ಪ್ರತ್ಯಯವಿಲ್ಲದಿದ್ದರೂ ಓದುವಾಗ ಕೊನೆಯ ‘ಐದನೆಯ’ ಎಂಬ ಭಾಗಕ್ಕೆ ಸರಿಯಾದ ವಿಭಕ್ತಿಯನ್ನು ಸೇರಿಸಬೇಕು. ಸಂಕ್ಷೇಪಗಳ ಕಥೆಯೂ ಹೀಗೆಯೇ. ‘ಗ’ಕಾರದ ಅಕ್ಷರಕ್ಕೊಂದು ಚುಕ್ಕಿಯಿಟ್ಟರೆ ಅದು ವರ್ಷ, ನಗರ, ಶ್ರೀಮಾನ್ ಈ ಮೂರರಲ್ಲಿ ಯಾವುದೂ ಆಗಬಹುದು.

ವಾಕ್ಯದ ಧಾಟಿ ಇನ್ನೂ ಸೂಕ್ಷ್ಮವಾದುದು. ‘ಅವನು ಮನೆಯಲ್ಲಿದ್ದಾನೆ’ ಎಂಬ ಹೇಳಿಕೆಗೂ ‘ಅವನು ಮನೆಯಲ್ಲಿದ್ದಾನೆಯೇ?’ ಎಂಬ ಪ್ರಶ್ನೆಗೂ ಕನ್ನಡದಲ್ಲಿ ಪ್ರತ್ಯಯದ ವ್ಯತ್ಯಾಸವಿದೆ. ರಷ್ಯನ್ನಿನಲ್ಲಿ ಎರಡಕ್ಕೂ ಅವೇ ಪದಗಳು. ಧ್ವನಿಯ ಏರಿಕೆಯಿಂದ ಮಾತ್ರ ಪ್ರಶ್ನೆ ತಿಳಿಯುತ್ತದೆ. ಯೆಲೆನಾ ಬ್ರಿಜ಼್ಗುನೋವಾ ರಷ್ಯನ್ ವಾಕ್ಯಗಳ ಧಾಟಿಯನ್ನು ಏಳು ಬಗೆಗಳಾಗಿ ವಿಂಗಡಿಸಿದ್ದು, ರಷ್ಯನ್ ಬೋಧನೆಯಲ್ಲಿ ಈ ವಿಂಗಡಣೆ ವ್ಯಾಪಕವಾಗಿ ಬಳಕೆಯಲ್ಲಿದೆ. ಯಂತ್ರವು ಪ್ರಶ್ನಾರ್ಥಕ ಚಿಹ್ನೆಯನ್ನು ಕಂಡರಷ್ಟೇ ಸಾಲದು. ಯಾವ ಪದದ ಮೇಲೆ ಧ್ವನಿ ಏರಬೇಕೆಂಬುದನ್ನೂ ನಿರ್ಧರಿಸಬೇಕು.

6. ಲಿಂಗದ ಪ್ರಶ್ನೆ

ರಷ್ಯನ್ನಿನಲ್ಲಿ ಭೂತಕಾಲದ ಕ್ರಿಯಾಪದವು ಏಕವಚನದಲ್ಲಿ ಪುರುಷವನ್ನು ಸೂಚಿಸದೆ ಲಿಂಗವನ್ನು ಸೂಚಿಸುತ್ತದೆ. ‘ನಾನು ಹೇಳಿದೆನು’ ಎಂಬುದನ್ನು ಗಂಡಸು ‘ಸ್ಕಜ಼ಾಲ್’ ಎಂದೂ ಹೆಂಗಸು ‘ಸ್ಕಜ಼ಾಲ’ ಎಂದೂ ಹೇಳಬೇಕು. ಕನ್ನಡದಲ್ಲಿ ‘ಹೇಳಿದನು’, ‘ಹೇಳಿದಳು’ ಎಂಬ ಭೇದ ಪ್ರಥಮ ಪುರುಷಕ್ಕೆ ಸೀಮಿತ; ಉತ್ತಮ ಪುರುಷದಲ್ಲಿ ಲಿಂಗಭೇದವಿಲ್ಲ. ಇದರ ಫಲವಾಗಿ, ಸ್ತ್ರೀಯೊಬ್ಬಳ ಆತ್ಮಕಥನವನ್ನು ಡ್ಮಿಟ್ರಿಯ ಅಥವಾ ಮ್ಯಾಕ್ಸಿಮನ ಧ್ವನಿಯಲ್ಲಿ ಓದಿಸಿದರೆ ಪ್ರತಿ ವಾಕ್ಯದಲ್ಲಿಯೂ ವ್ಯಾಕರಣವೂ ಧ್ವನಿಯೂ ಪರಸ್ಪರ ವಿರೋಧಿಸುತ್ತವೆ. ಯಾಂಡೆಕ್ಸ್ 2017ರಲ್ಲಿ ಹೊರತಂದ ‘ಅಲೀಸಾ’ ಎಂಬ ಸಹಾಯಕಿಯು ತನ್ನ ಕುರಿತು ಸ್ತ್ರೀಲಿಂಗದ ರೂಪಗಳನ್ನೇ ಬಳಸುತ್ತದೆ. ಅದಕ್ಕೆ ಪುರುಷಧ್ವನಿಯನ್ನು ಕೊಡುವುದೆಂದರೆ ಅದರ ವಾಕ್ಯಗಳನ್ನೇ ಬದಲಾಯಿಸಬೇಕಾಗುತ್ತದೆ.

ಮನುಷ್ಯನೇ ಓದುವಾಗ ಈ ವಿರೋಧ ಬಾಧಿಸದು. ಕೇಳುಗನು ಅವನನ್ನು ಬೇರೊಬ್ಬರ ಮಾತನ್ನು ಓದುತ್ತಿರುವವನೆಂದು ತಿಳಿಯುತ್ತಾನೆ. 1980ರ ದಶಕದ ವಿಡಿಯೊ ಟೇಪುಗಳಲ್ಲಿ ವಿದೇಶೀ ಚಲನಚಿತ್ರಗಳ ಗಂಡು ಹೆಣ್ಣು ಪಾತ್ರಗಳೆಲ್ಲದರ ಮಾತನ್ನೂ ಒಬ್ಬನೇ ಗಂಡಸು ಅನುವಾದಿಸಿ ಹೇಳುತ್ತಿದ್ದುದನ್ನು ರಷ್ಯನ್ನರು ಸಹಜವಾಗಿಯೇ ಸ್ವೀಕರಿಸಿದ್ದರು. ಹೆಸರಿಟ್ಟ ಯಂತ್ರಧ್ವನಿಯಲ್ಲಿ ಓದುಗನಿಗೂ ‘ನಾನು’ ಎನ್ನುವವನಿಗೂ ನಡುವಿನ ಈ ಅಂತರ ಅಳಿಸಿಹೋಗುವ ಸಂಭವವಿದೆ.

ಪುರುಷಧ್ವನಿಗೆ ಸಾಮಾಜಿಕ ಅರ್ಥಗಳೂ ಅಂಟಿಕೊಂಡಿವೆ. 1941ರ ಜೂನ್ 22ರಂದು ಯುದ್ಧಾರಂಭದ ವಾರ್ತೆಯನ್ನೂ 1945ರ ಮೇ 9ರಂದು ವಿಜಯದ ವಾರ್ತೆಯನ್ನೂ ಬಾನುಲಿಯಲ್ಲಿ ಓದಿದ ಯೂರಿ ಲೆವಿತಾನ್‌ನ (1914–1983) ಧ್ವನಿ ಪ್ರಭುತ್ವದ ಧ್ವನಿಯಾಗಿ ಜನಮನದಲ್ಲಿ ನಿಂತಿತು. ವ್ಲಾದಿಮಿರ್ ಪಟ್ಟಣದಿಂದ ಬಂದ ಆತ ಒಕಾರವನ್ನು ಒಕಾರವಾಗಿಯೇ ಉಳಿಸಿಕೊಳ್ಳುವ ತನ್ನ ಪ್ರಾದೇಶಿಕ ಉಚ್ಚಾರವನ್ನು ಶ್ರಮದಿಂದ ತಿದ್ದಿಕೊಳ್ಳಬೇಕಾಯಿತು. ಮಾಸ್ಕೋದ ಮೆಟ್ರೊದಲ್ಲಿ ನಗರಕೇಂದ್ರದತ್ತ ಸಾಗುವ ರೈಲಿನಲ್ಲಿ ಪುರುಷಧ್ವನಿ, ಕೇಂದ್ರದಿಂದ ಹೊರಗೆ ಸಾಗುವ ರೈಲಿನಲ್ಲಿ ಸ್ತ್ರೀಧ್ವನಿ ಎಂಬ ಪದ್ಧತಿ ದೀರ್ಘಕಾಲ ನಡೆದುಬಂದಿತು. ಮೇಲಧಿಕಾರಿ ಕೆಲಸಕ್ಕೆ ಕರೆಯುತ್ತಾನೆ, ಹೆಂಡತಿ ಮನೆಗೆ ಕರೆಯುತ್ತಾಳೆ ಎಂಬ ಜನಪ್ರಿಯ ವಿವರಣೆ ಸಮಾಜದ ಭಾವನೆಯನ್ನು ತೋರುತ್ತದೆ. ಆದರೆ ಕಣ್ಣು ಕಾಣದ ಪ್ರಯಾಣಿಕನಿಗೆ ಅದೇ ಭೇದ ದಿಕ್ಕನ್ನು ತಿಳಿಸುವ ನೆರವೂ ಆಗುತ್ತದೆ.

7. ಕನ್ನಡಕ್ಕೆ ದೊರೆಯುವ ಸೂಚನೆಗಳು

ಮೊದಲನೆಯ ಸೂಚನೆ ಅನುವಾದಕ್ಕೆ ಸಂಬಂಧಿಸಿದುದು. ರಷ್ಯನ್ ಸಾಹಿತ್ಯ ಕನ್ನಡಕ್ಕೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಬಂದುದರಿಂದ ಹೆಸರುಗಳ ಉಚ್ಚಾರವೂ ಆ ದಾರಿಯಲ್ಲೇ ಬಂದಿದೆ. ‘ದಾಸ್ತೊವಸ್ಕಿ’ ಎಂದು ಬರೆಯುವ ಹೆಸರು ರಷ್ಯನ್ ಧ್ವನಿಯಲ್ಲಿ ‘ದಸ್ತಯೇಫ್‌ಸ್ಕಿಯ್’ ಎಂಬುದಕ್ಕೆ ಸಮೀಪವಾಗಿ ಕೇಳಿಸುತ್ತದೆ. ಹೆಸರುಗಳನ್ನು ಪಠ್ಯವಾಚಕದಲ್ಲಿ ಕೇಳಿ, ನಿಘಂಟಿನ ಒತ್ತಿನೊಡನೆ ಹೋಲಿಸಿ ನೋಡುವುದು ಇಂದು ಯಾವ ಅಧ್ಯಾಪಕರಿಗೂ ಸಾಧ್ಯ. ನಿಘಂಟಿನ ಹೋಲಿಕೆಯಿಲ್ಲದೆ ಯಂತ್ರವನ್ನಷ್ಟೇ ನಂಬಲಾಗದು.

ಕನ್ನಡದಿಂದ ರಷ್ಯನ್ನಿಗೆ ಅನುವಾದಿಸುವಾಗ ಇನ್ನೂ ಗಹನವಾದ ತೊಡಕು ಎದುರಾಗುತ್ತದೆ. ‘ಶರಣ ಸತಿ ಲಿಂಗ ಪತಿ’ ಭಾವದ ವಚನಗಳಲ್ಲಿ ಪುರುಷ ವಚನಕಾರನು ಸತಿಯ ಭಾವದಲ್ಲಿ ನುಡಿಯುತ್ತಾನೆ. ಕನ್ನಡದ ಉತ್ತಮ ಪುರುಷ ಕ್ರಿಯಾಪದವು ಲಿಂಗವನ್ನು ಹೇಳದಿರುವುದರಿಂದ ಶರಣನೂ ಸತಿಯೂ ಒಂದೇ ‘ನಾನು’ವಿನಲ್ಲಿ ನೆಲೆಸಬಲ್ಲರು. ರಷ್ಯನ್ ಅನುವಾದಕನು ಭೂತಕಾಲದ ಮೊದಲ ಕ್ರಿಯಾಪದದಲ್ಲಿಯೇ ಒಂದು ಲಿಂಗವನ್ನು ಆರಿಸಬೇಕು. ಅದನ್ನು ಓದಿಸುವವನು ಒಂದು ಧ್ವನಿಯನ್ನು ಆರಿಸಬೇಕು. ಕನ್ನಡದಲ್ಲಿ ಓದಿಸುವಾಗಲೂ ಎರಡನೆಯ ಆಯ್ಕೆ ತಪ್ಪದು.

ಎರಡನೆಯ ಸೂಚನೆ ಕನ್ನಡದ ಪಠ್ಯವಾಚಕಗಳ ಕುರಿತದ್ದು. ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ. ಮೈಕ್ರೊಸಾಫ್ಟಿನಲ್ಲಿ ಗಗನ್ ಎಂಬ ಪುರುಷಧ್ವನಿಯೂ ಸಪ್ನಾ ಎಂಬ ಸ್ತ್ರೀಧ್ವನಿಯೂ ಇವೆ. ರಷ್ಯದ ಸಿಲೆರೊ ಮಾದರಿಗಳಲ್ಲಿಯೂ ಕನ್ನಡ ಸೇರಿದೆ. ಬರೆದಂತೆ ಓದುವ ಭಾಷೆಯಾದ ಕನ್ನಡಕ್ಕೆ ತೊಡಕಿಲ್ಲವೆಂಬ ನಂಬಿಕೆ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ‘ವ್ಯಾಸ’ದ ‘ವ್ಯಾ’ ಮತ್ತು ‘ಬ್ಯಾಂಕು’ವಿನ ‘ಬ್ಯಾ’ ಒಂದೇ ಬಗೆಯಲ್ಲಿ ಬರೆಯಲ್ಪಟ್ಟರೂ ಸ್ವರ ಒಂದೇ ಅಲ್ಲ. ‘ಫಲ’ದ ಮಹಾಪ್ರಾಣವೂ ‘ಫೀಸು’ವಿನ ಊಷ್ಮಧ್ವನಿಯೂ ಒಂದೇ ಅಕ್ಷರದಲ್ಲಿವೆ. ‘2 ಪುಸ್ತಕ’ವನ್ನು ಎರಡು ಎಂದೂ ‘2 ಮಕ್ಕಳು’ ಎಂಬುದನ್ನು ಇಬ್ಬರು ಎಂದೂ ಓದಬೇಕು. ‘ಸಂ.’ ಎಂಬ ಸಂಕ್ಷೇಪ ಸಂಪಾದಕ, ಸಂಪುಟ, ಸಂಸ್ಕೃತ ಇವುಗಳಲ್ಲಿ ಯಾವುದೂ ಆಗಬಹುದು. ಹಳಗನ್ನಡ ಪದ್ಯದ ವಿಷಯದಲ್ಲಿಯಂತೂ ಪದಚ್ಛೇದ ತಿಳಿಯದೆ ಎಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯದು. ಗಮಕಿಯು ಪಾಠದ ಬಲದಿಂದ ಮಾಡುವ ಕೆಲಸವನ್ನು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು.

ಮೂರನೆಯದು ಶಿಷ್ಟತೆಯ ಪ್ರಶ್ನೆ. ಲೆವಿತಾನ್ ತನ್ನ ಊರಿನ ಒಕಾರವನ್ನು ಬಿಟ್ಟುಕೊಟ್ಟಂತೆ ಇಂದಿನ ರಷ್ಯನ್ ಯಂತ್ರಧ್ವನಿಗಳೂ ಸಾಮಾನ್ಯವಾಗಿ ಶಿಷ್ಟ ಉಚ್ಚಾರವನ್ನೇ ಅನುಸರಿಸುತ್ತವೆ. ಒಂದೆರಡು ಧ್ವನಿಗಳೇ ಎಲ್ಲೆಡೆ ಕೇಳತೊಡಗಿದರೆ ಧಾರವಾಡದ, ಮಂಗಳೂರಿನ, ಕಲಬುರ್ಗಿಯ ಕನ್ನಡದ ಧಾಟಿಗಳಿಗೆ ಎಡೆ ಎಲ್ಲಿ ಎಂಬ ಪ್ರಶ್ನೆಯನ್ನು ಕನ್ನಡದ ಅಧ್ಯಯನಕಾರರು ಕೇಳಿಕೊಳ್ಳಬೇಕಾಗಿದೆ.

8. ಉಪಸಂಹಾರ

ಕಣ್ಣಿರುವ ಓದುಗನು ಯಂತ್ರ ತಪ್ಪಿದಾಗ ಪುಟವನ್ನು ನೋಡಿ ತಿದ್ದಿಕೊಳ್ಳುತ್ತಾನೆ. ದೃಷ್ಟಿಹೀನ ವಿದ್ಯಾರ್ಥಿ ಕಿವಿಯನ್ನೇ ನೆಚ್ಚಿಕೊಂಡಿರುತ್ತಾನೆ. ಕೋಟೆಯೆಂದು ಕೇಳಿದರೆ ಅವನ ಪಾಲಿಗೆ ಕಾದಂಬರಿಯಲ್ಲಿರುವುದು ಕೋಟೆಯೇ. ಆದುದರಿಂದ ಉಚ್ಚಾರದ ಶುದ್ಧತೆಯು ಅವನಿಗೆ ಪಠ್ಯದ ಶುದ್ಧತೆಯೇ ಆಗಿದೆ. ಇನ್ನೊಂದೆಡೆ ಧ್ವನಿಯನ್ನು ಕೊಟ್ಟವರ ಹಕ್ಕಿನ ಪ್ರಶ್ನೆಯೂ ಇದೆ. ತನ್ನ ಮುದ್ರಣದಿಂದ ರೂಪಿಸಿದ ಯಂತ್ರಧ್ವನಿಯನ್ನು ತನ್ನ ಒಪ್ಪಿಗೆಯಿಲ್ಲದೆ ಇತರರು ಬಳಸುತ್ತಿದ್ದಾರೆಂದು ರಷ್ಯದ ಕಂಠದಾನ ಕಲಾವಿದೆಯೊಬ್ಬರು 2023ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು. ಮಾರ್ಫಿನೋದಲ್ಲಿ ಎದ್ದ ಪ್ರಶ್ನೆ ಬೇರೊಂದು ರೂಪದಲ್ಲಿ ಮರಳಿ ಬಂದಿದೆ.

ಒಟ್ಟಿನಲ್ಲಿ, ಲಿಪಿ ಹೇಳದುದನ್ನು ಓದುಗನು ತನ್ನ ಭಾಷಾಜ್ಞಾನದಿಂದ ತುಂಬಿಕೊಳ್ಳುತ್ತಾನೆ; ಯಂತ್ರಕ್ಕೆ ಅದನ್ನು ಮನುಷ್ಯರು ದಾಖಲಿಸಿಯೋ ಓದಿಯೋ ಕೊಡಬೇಕಾಗುತ್ತದೆ. ರಷ್ಯನ್ನಿಗೆ ಜ಼ಲಿಜ಼್ನ್ಯಾಕ್‌ನ ನಿಘಂಟು ಅಂತಹ ದಾಖಲೆಯಾಯಿತು. ಗಣಕಗಳು ಮನೆಮನೆಗೆ ಬರುವ ಮೊದಲೇ, ಗಣಕಕ್ಕೂ ಅರ್ಥವಾಗುವಷ್ಟು ನಿಷ್ಕೃಷ್ಟವಾಗಿ ಒಬ್ಬ ಭಾಷಾವಿದ್ವಾಂಸನು ಅದನ್ನು ರಚಿಸಿದ್ದನು. ಕನ್ನಡದ ಸಂಕ್ಷೇಪಗಳು, ಸಂಖ್ಯಾರೂಪಗಳು, ಅನ್ಯದೇಶ್ಯ ಪದಗಳ ಉಚ್ಚಾರ, ಹಳಗನ್ನಡ ಪಠ್ಯಗಳ ಪದಚ್ಛೇದ ಇವುಗಳನ್ನು ಅಷ್ಟೇ ನಿಷ್ಕೃಷ್ಟವಾಗಿ ಸಂಗ್ರಹಿಸುವ ಕೆಲಸ ಕನ್ನಡ ವಿಭಾಗಗಳ ವ್ಯಾಪ್ತಿಗೇ ಸೇರಿದುದು. ತಂತ್ರಜ್ಞರು ಧ್ವನಿಯನ್ನು ಒದಗಿಸಬಲ್ಲರು. ಆ ಧ್ವನಿ ಏನನ್ನು ಹೇಗೆ ಓದಬೇಕೆಂಬುದನ್ನು ಭಾಷೆಯನ್ನು ಬಲ್ಲವರೇ ತಿಳಿಸಬೇಕಾಗಿದೆ.